ಸೈನ್ ವೇವ್ ತ್ರಿಕೋನ ಆಗ್ತಿದ್ಯಾ? ಸ್ಲೂ ರೇಟ್ ನೋಡಿ

ಆಪ್-ಆಂಪ್‌ಗೆ (ಸಿಗ್ನಲ್ಲನ್ನ ದೊಡ್ಡದು ಮಾಡೋ ಚಿಪ್) ಸಣ್ಣ ಸಿಗ್ನಲ್ ಕೊಟ್ಟಾಗ ಸೈನ್ ವೇವ್ ಚೆನ್ನಾಗೇ ಬರತ್ತೆ, ಆಂಪ್ಲಿಟ್ಯೂಡ್ ಏರಿಸ್ತಾ ಹೋದ ಹಾಗೆ ಆಸಿಲೋಸ್ಕೋಪಲ್ಲಿ ಅದರ ಗುಂಡಗಿನ ತಲೆ ಹೋಗಿ ಚೂಪಾಗತ್ತೆ. ಇದು ಕ್ಲಿಪ್ಪಿಂಗ್ ಅಲ್ಲ. ಕ್ಲಿಪ್ಪಿಂಗಲ್ಲಿ ತಲೆ ಚಪ್ಪಟೆ ಆಗತ್ತೆ. ಇದು ಸ್ಲೂ ರೇಟ್ ತೊಂದರೆ, ನಾನೂ ಮೊದಲು ಇದನ್ನ ಗುರುತಿಸದೆ ಒಂದಿಡೀ ಸಂಜೆ ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಾಯಿಸ್ತಾ ಕೂತಿದ್ದೆ.

ಔಟ್‌ಪುಟ್ ಒಂದು ಮೈಕ್ರೋಸೆಕೆಂಡಲ್ಲಿ ಹೆಚ್ಚೆಂದ್ರೆ ಎಷ್ಟು ವೋಲ್ಟ್ ಏರಬಹುದು ಅಥವಾ ಇಳಿಯಬಹುದು ಅನ್ನೋದೇ ಸ್ಲೂ ರೇಟ್. 741 ಅನ್ನೋ ಹಳೇ ಆಪ್-ಆಂಪ್ ಚಿಪ್ಪಲ್ಲಿ ಅದು ಸುಮಾರು 0.5 ವೋಲ್ಟ್. ಯಾಕಿಷ್ಟು ಕಮ್ಮಿ ಅಂದ್ರೆ ಒಳಗೆ 30 ಪಿಕೋಫ್ಯಾರಡ್‌ನ ಕಾಂಪೆನ್ಸೇಷನ್ ಕೆಪಾಸಿಟರ್ (ಚಿಪ್ ತಾನಾಗೇ ಆಸಿಲೇಟ್ ಆಗದ ಹಾಗೆ ತಡೆಯೋದು) ಇದೆ, ಅದನ್ನ ತುಂಬೋಕೆ ಇನ್‌ಪುಟ್ ಸ್ಟೇಜ್ ಕೊಡೋದು ಹೆಚ್ಚು ಕಮ್ಮಿ 15ರಿಂದ 20 ಮೈಕ್ರೋ ಆಂಪ್ ಅಷ್ಟೇ, ನಲ್ಲಿ ಪೂರ್ತಿ ತಿರುಗಿಸಿ ಆದ್ಮೇಲೆ ಬಕೆಟ್ ಇನ್ನೂ ಬೇಗ ತುಂಬು ಅಂದ್ರೆ ಹೇಗೆ ತುಂಬತ್ತೆ? ಆ ಹೊತ್ತಲ್ಲಿ ಔಟ್‌ಪುಟ್‌ನ ಒಂದು ಪಾಲನ್ನ ಇನ್‌ಪುಟ್ಟಿಗೆ ವಾಪಸ್ ಕೊಟ್ಟು ತಪ್ಪು ತಿದ್ದೋ ನೆಗೆಟಿವ್ ಫೀಡ್‌ಬ್ಯಾಕ್ ಕೂಡ ಕೈಲಾಗದೆ ನಿಂತಿರತ್ತೆ, ಹಾಗಾಗಿ ಈ ಡಿಸ್ಟಾರ್ಶನ್ನ ಅದು ಸರಿ ಮಾಡಲ್ಲ.

ಚಿಪ್ ಆರಿಸೋ ಮುಂಚೆ ಈ ಲೆಕ್ಕ ಹಾಕಿ: 2 × ಪೈ × ಫ್ರೀಕ್ವೆನ್ಸಿ × ಔಟ್‌ಪುಟ್‌ನ ಪೀಕ್ ವೋಲ್ಟೇಜ್ (ಸೊನ್ನೆಯಿಂದ ತುದಿ ತನಕ). ಬೇಕಾದ ಸ್ಲೂ ರೇಟ್ ಸೆಕೆಂಡಿಗೆ ಇಷ್ಟು ವೋಲ್ಟ್ ಅಂತ ಬರತ್ತೆ, 10 ಲಕ್ಷದಿಂದ ಭಾಗಿಸಿದ್ರೆ ಮೈಕ್ರೋಸೆಕೆಂಡಿಗೆ ಎಷ್ಟು ಅಂತ ಸಿಗತ್ತೆ. ಪೀಕ್ ಟು ಪೀಕ್ ಹಾಕ್ಬೇಡಿ, ಉತ್ತರ ಡಬಲ್ ಆಗತ್ತೆ. 20 ಕಿಲೋಹರ್ಟ್ಜ್, 10 ವೋಲ್ಟ್ ಪೀಕ್ ಬೇಕಂದ್ರೆ ಮೈಕ್ರೋಸೆಕೆಂಡಿಗೆ 1.26 ವೋಲ್ಟ್ ಬೇಕು, 741 ಅದೇ 10 ವೋಲ್ಟನ್ನ 8 ಕಿಲೋಹರ್ಟ್ಜ್ ತನಕ ಮಾತ್ರ ಕೊಡತ್ತೆ. ಡೇಟಾಶೀಟಲ್ಲಿ 1 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್ ಅಂತ ನೋಡಿ ಎಲ್ಲಾರೂ ಮೋಸ ಹೋಗೋದು ಇಲ್ಲೇ, ಅದು ಸಣ್ಣ ಸಿಗ್ನಲ್ಲಿನ ಮಾತು.

ಸ್ಲೂ ರೇಟ್ ಅಳೆಯೋಕೆ ಚಿಪ್‌ನ ಯೂನಿಟಿ ಗೇನ್ ಬಫರ್ ಮಾಡಿ (ಔಟ್‌ಪುಟ್ಟನ್ನ ನೇರ ಮೈನಸ್ ಇನ್‌ಪುಟ್ಟಿಗೆ ಜೋಡಿಸಿ, ಸಿಗ್ನಲ್ ಪ್ಲಸ್ ಇನ್‌ಪುಟ್ಟಿಗೆ), ಮೈನಸ್ 5ರಿಂದ ಪ್ಲಸ್ 5 ವೋಲ್ಟ್ ತನಕದ ಸ್ಕ್ವೇರ್ ವೇವ್ ಕೊಡಿ, 1 ಕಿಲೋಹರ್ಟ್ಜ್ ಸಾಕು. ಪ್ರೋಬ್ 10ಎಕ್ಸ್‌ನಲ್ಲಿರಲಿ. 741 ಆದ್ರೆ ಏರೋ ಗೆರೆ ನೇರ ಇಳಿಜಾರು ಥರ ಕಾಣತ್ತೆ, 10 ವೋಲ್ಟ್ ದಾಟೋಕೆ ಸುಮಾರು 20 ಮೈಕ್ರೋಸೆಕೆಂಡ್. ಲೆಕ್ಕಕ್ಕೆ 10ರಿಂದ 90 ಪರ್ಸೆಂಟ್ ನಡುವಿನ ಭಾಗ ಮಾತ್ರ ತಗೊಳ್ಳಿ, ಏರೋದು ಇಳಿಯೋದು ಎರಡನ್ನೂ ನೋಡಿ, ಎಷ್ಟೋ ಚಿಪ್‌ಗಳಲ್ಲಿ ಎರಡೂ ಒಂದೇ ಇರಲ್ಲ. ಆಮೇಲೆ ಇನ್‌ಪುಟ್ ಅರ್ಧ ಮಾಡಿ. ಇಳಿಜಾರು ಅಷ್ಟೇ ಇದ್ದು ಟೈಮ್ ಅರ್ಧ ಆದ್ರೆ ಸ್ಲೂ ರೇಟ್, ಗೆರೆ ಬಾಗಿಕೊಂಡು ಟೈಮ್ ಬದಲಾಗದೆ ಇದ್ರೆ ಬ್ಯಾಂಡ್‌ವಿಡ್ತ್.

ಪರಿಹಾರ ಎರಡೇ, ಔಟ್‌ಪುಟ್ ಸ್ವಿಂಗ್ ಇಳಿಸಿ ಅಥವಾ ಟಿಎಲ್072 ಥರದ ಚಿಪ್ ಹಾಕಿ, ಅದರ ಸ್ಲೂ ರೇಟ್ 741ಕ್ಕಿಂತ 20 ಪಟ್ಟಿಗೂ ಜಾಸ್ತಿ. ಲೆಕ್ಕದಲ್ಲಿ ಬಂದಿದ್ದಕ್ಕಿಂತ ಎರಡು ಮೂರು ಪಟ್ಟು ಜಾಸ್ತಿ ಇರೋದನ್ನೇ ತಗೊಳ್ಳಿ, ಡೇಟಾಶೀಟಲ್ಲಿ ಟಿಪಿಕಲ್ ಬಿಟ್ಟು ಮಿನಿಮಮ್ ಕಾಲಮ್ ಇದ್ರೆ ಅದನ್ನೇ ನೋಡಿ. ಫಾಸ್ಟ್ ಚಿಪ್ ಹಾಕಿದ್ಮೇಲೆ ಸಪ್ಲೈ ಪಿನ್ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕೋದು ಮರೀಬೇಡಿ, ಇಲ್ಲಾಂದ್ರೆ ತ್ರಿಕೋನ ಹೋಗಿ ಆಸಿಲೇಷನ್ (ಔಟ್‌ಪುಟ್ ತಾನಾಗೇ ಮೇಲೆ ಕೆಳಗೆ ಆಡೋದು) ಶುರು ಆಗಬಹುದು.