ರೇಡಿಯೋ ರೆಕಾರ್ಡಿಂಗ್‌ಗೆ ಮೈಕ್ ಬೇಡ, ವಿಳಾಸ ಸಾಕು

ವೆಬ್‌ಸೈಟಿನಲ್ಲಿ ಬರುವ ರೇಡಿಯೋ ಕಾರ್ಯಕ್ರಮ ಉಳಿಸಿಕೊಳ್ಳಲು ಎಷ್ಟೋ ಜನ ಸ್ಪೀಕರ್ ಜೋರು ಮಾಡಿ, ಪಕ್ಕದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಒತ್ತುತ್ತಾರೆ. ಆಮೇಲೆ ಕೇಳಿದರೆ ಹಾಡಿಗಿಂತ ಫ್ಯಾನಿನ ಸದ್ದೇ ಜಾಸ್ತಿ. ರೇಡಿಯೋದ ದನಿ ಕಂಪ್ಯೂಟರಿಗೆ ಬರುವುದೇ ಸಾಮಾನ್ಯವಾಗಿ ಎಂಪಿ3 ಇಲ್ಲವೇ ಎಎಸಿ ಎಂಬ ಆಡಿಯೋ ಫೈಲಿನ ರೂಪದಲ್ಲಿ. ಬಂದದ್ದನ್ನು ಬಂದ ಹಾಗೇ ಹಿಡಿದಿಟ್ಟುಕೊಂಡರೆ ಆಯ್ತು, ಅಲ್ವಾ?

ಮೊದಲು ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಉಚಿತ.

ಇನ್ನು ಸ್ಟ್ರೀಮಿನ, ಅಂದರೆ ಇಂಟರ್‌ನೆಟ್‌ನಲ್ಲಿ ಹರಿದು ಬರುವ ಆ ದನಿಯ, ವಿಳಾಸ ಹುಡುಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬ್ರೌಸರಿನ ಮೇಲೆ ಕಾಣುವುದು ಪುಟದ ವಿಳಾಸ, ಅದರಿಂದ ಕೆಲಸ ಆಗದು. ಪುಟ ತೆರೆದು ಕೀಬೋರ್ಡಿನ ಎಫ್12 ಒತ್ತಿ, ತೆರೆದುಕೊಳ್ಳುವ ಕಿಟಕಿಯಲ್ಲಿ ನೆಟ್‌ವರ್ಕ್ ಟ್ಯಾಬಿಗೆ ಹೋಗಿ, ಮೀಡಿಯಾ ಆರಿಸಿ. ಪ್ಲೇ ಒತ್ತುವುದು ಅದಾದ ಮೇಲೆ. ಮೊದಲೇ ಒತ್ತಿದ್ದರೆ ಪಟ್ಟಿ ಖಾಲಿ ಇರುತ್ತದೆ, ಪುಟ ರಿಫ್ರೆಶ್ ಮಾಡಿ.

ಕಾಣಿಸಿಕೊಂಡ ಮೊದಲ ಸಾಲನ್ನೇ ಕಾಪಿ ಮಾಡಬೇಡಿ. ಅದು ಶುರುವಿನ ಜಾಹೀರಾತಿನದ್ದಾಗಿರಬಹುದು. ಸ್ವಲ್ಪ ಕಾಯಿರಿ. ಜಾಹೀರಾತಿನ ಸಾಲು ಪೂರ್ತಿ ಇಳಿದು ನಿಂತುಬಿಡುತ್ತದೆ. ರೇಡಿಯೋದ ಸಾಲು ಮಾತ್ರ ಮುಗಿಯುವುದೇ ಇಲ್ಲ, ಪೆಂಡಿಂಗ್ ಎಂದೇ ಇರುತ್ತದೆ. ನಿಮಗೆ ಬೇಕಾದದ್ದು ಅದು. ಬಲ ಕ್ಲಿಕ್ ಮಾಡಿ ವಿಳಾಸ ಕಾಪಿ ಮಾಡಿಕೊಳ್ಳಿ. ಇಂಥ ಸಾಲು ಸಿಗದೆ ಸಣ್ಣ ಸಣ್ಣ ತುಂಡುಗಳೇ ಒಂದರ ಹಿಂದೊಂದು ಬರುತ್ತಿದ್ದರೆ, ಮೀಡಿಯಾ ಬಿಟ್ಟು ಆಲ್ ಆರಿಸಿ, ಫಿಲ್ಟರ್ ಪೆಟ್ಟಿಗೆಯಲ್ಲಿ ಎಂ3ಯು8 (m3u8) ಎಂದು ಹುಡುಕಿ. ಆ ತುಂಡುಗಳ ಪಟ್ಟಿ ಇರುವ ವಿಳಾಸ ಸಿಗುತ್ತದೆ. ಕೆಲವು ವಿಳಾಸಗಳಿಗೆ ಅವಧಿ ಇರುತ್ತದೆ. ನಿನ್ನೆ ಓಡಿದ್ದು ಇವತ್ತು ಓಡದಿದ್ದರೆ ವಿಎಲ್‌ಸಿಯನ್ನು ಬೈಯಬೇಡಿ, ಹೊಸದಾಗಿ ಕಾಪಿ ಮಾಡಿ.

ವಿಎಲ್‌ಸಿಯಲ್ಲಿ ಮೀಡಿಯಾ ಮೆನುವಿನ ಓಪನ್ ನೆಟ್‌ವರ್ಕ್ ಸ್ಟ್ರೀಮ್ ತೆರೆದು ಅಂಟಿಸಿ, ಪ್ಲೇ ಒತ್ತಿ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆನ್ ಮಾಡಿದರೆ ಕೆಂಪು ಗುಂಡಿ ಬರುತ್ತದೆ. ಒತ್ತಿದರೆ ರೆಕಾರ್ಡ್ ಶುರು, ಮತ್ತೆ ಒತ್ತಿದರೆ ಬಂದ್. 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಸ್ಟ್ರೀಮಾದರೆ ಗಂಟೆಗೆ ಸುಮಾರು 58 ಎಂಬಿ.

ಒಂದೇ ಕ್ಲಿಕ್ಕಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇವೆ ಎನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ನಾನಂತೂ ಹಾಕುವುದಿಲ್ಲ. ನೀವು ನೋಡುವ ಎಲ್ಲ ಸೈಟುಗಳ ಮಾಹಿತಿ ಓದಲು ಅನುಮತಿ ಕೇಳುವವೇ ಜಾಸ್ತಿ. 64 ಕೆಬಿಪಿಎಸ್ ಫೈಲನ್ನು 320ಕ್ಕೆ ಏರಿಸುವ ಸಾಫ್ಟ್‌ವೇರ್ ಕೂಡ ದಂಡ. ಫೈಲು ಊದುತ್ತದೆ, ದನಿ ಚೆನ್ನಾಗಾಗುವುದಿಲ್ಲ.

ವಿಳಾಸ ಸಿಗಲೇ ಇಲ್ಲವೇ? ಆಗ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ವಿಂಡೋಸಿನಲ್ಲಿ ಹೋಸ್ಟ್ ಜಾಗದಲ್ಲಿ ವಾಸಾಪಿ (WASAPI), ರೆಕಾರ್ಡಿಂಗ್ ಡಿವೈಸ್ ಜಾಗದಲ್ಲಿ ಹೆಸರಿನ ಕೊನೆಗೆ ಲೂಪ್‌ಬ್ಯಾಕ್ ಎಂದಿರುವುದನ್ನು ಆರಿಸಿ. ಮೈಕ್ ಆರಿಸಿದಿರೋ, ಮತ್ತೆ ಫ್ಯಾನಿನ ಸದ್ದೇ ಗತಿ. ಲೂಪ್‌ಬ್ಯಾಕಿನಲ್ಲಿ ಕಂಪ್ಯೂಟರಿನ ಎಲ್ಲ ಸದ್ದೂ ಸೇರುತ್ತದೆ. ಅದಕ್ಕೇ ಇಮೇಲ್, ಚಾಟ್ ನೋಟಿಫಿಕೇಷನ್‌ಗಳನ್ನು ಮೊದಲೇ ಬಂದ್ ಮಾಡಿ.

ಯಾವ ದಾರಿಯಾದರೂ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಕಂಪ್ಯೂಟರಿನ ಸ್ಲೀಪ್ ಮೋಡ್ ಆಫ್ ಮಾಡಿ. ಫೈಲು ನಿಮ್ಮ ಕಿವಿಗಷ್ಟೇ. ಕಾಪಿರೈಟ್ ಇರುವುದನ್ನು ಗ್ರೂಪುಗಳಿಗೆ ಹಂಚಬೇಡಿ.