ಕಣ್ಣು ಮೊದಲು, ಗದ್ದ ಆಮೇಲೆ

ಅನಿಮೆ, ಅಂದರೆ ದೊಡ್ಡ ಕಣ್ಣಿನ ಜಪಾನಿ ಕಾರ್ಟೂನ್ ಶೈಲಿಯ ಮುಖ ಬರೆಯಲು ಕಲಿಸುವವರೆಲ್ಲ ಮೊದಲು ದೊಡ್ಡದೊಂದು ಸೊನ್ನೆ ಹಾಕಿಸುತ್ತಾರೆ. ನಡುವೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ, ಕೆಳಗೆ ಗದ್ದ. ಕೊಡಗಿನ ಗೋಣಿಕೊಪ್ಪಲಿನ ಮಕ್ಕಳಿಗೆ ನಾನೂ ತುಂಬ ದಿನ ಹಾಗೇ ಹೇಳಿಕೊಟ್ಟೆ. ಸೊನ್ನೆ ಚೆನ್ನಾಗಿಯೇ ಬರುತ್ತಿತ್ತು. ಕಣ್ಣು ಕೂರಿಸುವಾಗ ಕೆಡುತ್ತಿತ್ತು. ಸೊನ್ನೆಯೊಳಗೆ ಜಾಗ ಸಾಲದಿದ್ದರೆ ಹೊಸಬರು ಸೊನ್ನೆ ಅಳಿಸುವುದಿಲ್ಲ, ಕಣ್ಣನ್ನೇ ಕಿರಿದು ಮಾಡುತ್ತಾರೆ. ಆಮೇಲೆ ಅದು ಅನಿಮೆ ಆಗಿ ಉಳಿಯುವುದೇ ಇಲ್ಲ.

ಅದಕ್ಕೇ ಲೆಕ್ಕವನ್ನು ತಿರುಗಿಸಿದೆ. ಪರಿಚಯದ ಡ್ರಾಯಿಂಗ್ ಮೇಷ್ಟ್ರೊಬ್ಬರು ನೋಡಿ ನಕ್ಕರು. "ಗೋಡೆ ಕಟ್ಟದೆ ಕಿಟಕಿ ಇಡ್ತೀಯಲ್ಲ ಮಾರಾಯ" ಅಂದರು. ಈಗ ಅವರ ಶಿಷ್ಯರೇ ನನ್ನ ಹತ್ತಿರ ಬರುತ್ತಾರೆ, ಆ ಮಾತು ಇರಲಿ.

ಅಡ್ಡಗೆರೆ ಎಳೆದು ಅದರ ಮೇಲೆ ಒಂದು ಕಣ್ಣು ಪೂರ್ತಿ ಬರೆಯಿಸುತ್ತೇನೆ. ಪಕ್ಕದಲ್ಲಿ ಒಂದು ಕಣ್ಣಿನಷ್ಟು ಜಾಗ, ಆಮೇಲೆ ಇನ್ನೊಂದು ಕಣ್ಣು. ಎರಡೂ ಹೊರಬದಿಗೆ ಅರ್ಧರ್ಧ ಕಣ್ಣು ಬಿಟ್ಟರೆ ಮುಖದ ಅಗಲ ಸಿಕ್ಕಿತು, ಒಟ್ಟು ನಾಲ್ಕು ಕಣ್ಣು. ಗೆರೆಯಿಂದ ಗದ್ದಕ್ಕೆ ಎರಡು ಕಣ್ಣಗಲಕ್ಕಿಂತ ಚೂರು ಜಾಸ್ತಿ. ಮೇಲೆ ನೆತ್ತಿಗೆ ಸುಮಾರು ಎರಡೂವರೆ, ಕೂದಲು ಅದಕ್ಕಿಂತ ಒಂದು ಬೆರಳು ಎತ್ತರ. ಮೂಗು ಅಂದರೆ ಒಂದು ಚುಕ್ಕೆ ಸಾಕು. ರೆಪ್ಪೆ ಮೇಲೆ ದಪ್ಪ, ಕೆಳಗೆ ತೆಳು. ಬಿಳಿ ಹೊಳಪು ಎರಡೂ ಕಣ್ಣಲ್ಲಿ ಒಂದೇ ಕಡೆ. ಗದ್ದ ಕೆಳಗೆ ಎಳೆದು ಕಣ್ಣಿನ ಎತ್ತರ ಕಮ್ಮಿ ಮಾಡಿದರೆ ದೊಡ್ಡವರ ಮುಖ, ಗದ್ದ ಮೇಲೆ ತಂದರೆ ಮಗು.

ಎರಡನೇ ಕಣ್ಣು ಮೊದಲನೆಯದರ ಹಾಗೇ ಬರುವುದಕ್ಕೆ ನನ್ನದೊಂದು ಉಪಾಯ ಇದೆ. ಅದು ಕ್ಲಾಸಿಗೆ ಬರುವವರಿಗೆ ಮಾತ್ರ. ಬರಲಾಗದವರು ಮೊಬೈಲಲ್ಲಿ ಫೋಟೋ ತೆಗೆದು ಎಡಬಲ ತಿರುಗಿಸಿ ನೋಡಿ, ವಾರೆಕೋರೆ ತಕ್ಷಣ ಗೊತ್ತಾಗುತ್ತದೆ. ಅರ್ಧ ತಿರುಗಿದ ಮುಖಕ್ಕೂ ಇದೇ ಲೆಕ್ಕ, ದೂರದ ಕಣ್ಣನ್ನು ಮುಕ್ಕಾಲು ಅಗಲ ಮಾಡಿದರಾಯಿತು. ಪೂರ್ತಿ ಪಕ್ಕಕ್ಕೆ ತಿರುಗಿದ ಮುಖಕ್ಕೆ ಮಾತ್ರ ಇದು ನಡೆಯುವುದಿಲ್ಲ.

ನನ್ನ ದುಡ್ಡು ಹೋಗಿದ್ದು ಈ ಲೆಕ್ಕ ಕಲಿಯಲಿಕ್ಕಲ್ಲ, ಮಳೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾಗದ ಒಣಗಿರುವುದೇ ಇಲ್ಲ ಅಲ್ವಾ. ಸಾದಾ ಎ4 ಹಾಳೆಯ ಮೇಲೆ ಪೆನ್ನಿಟ್ಟರೆ ಶಾಯಿ ಹರಡಿ ರೆಪ್ಪೆಗೆಲ್ಲ ಮೀಸೆ ಮೂಡುತ್ತಿತ್ತು. ಎರಡೂವರೆ ಸಾವಿರದ ಹತ್ತಿರ ಕೊಟ್ಟು ಆಲ್ಕೋಹಾಲ್ ಮಾರ್ಕರ್ (ಆಲ್ಕೋಹಾಲ್ ಬೆರೆತ ಶಾಯಿಯ ಬಣ್ಣದ ಪೆನ್ನು) ಸೆಟ್ ತರಿಸಿದೆ. ಕೆನ್ನೆಯ ಬಣ್ಣ ಕಿವಿ ದಾಟಿ ಹರಡಿತು, ಹಿಂದಿನ ಹಾಳೆಗೂ ಇಳಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಹಾಳೆ ಒಣಗಿಸಿದೆ, ಹೊಗೆಗೆ ಹಳದಿ ಆಯಿತು. ಕೊನೆಗೆ ಕೈಹಿಡಿದದ್ದು ಕಾರ್ಟ್ರಿಡ್ಜ್ ಶೀಟ್ ಅನ್ನುವ ದಪ್ಪ ಡ್ರಾಯಿಂಗ್ ಹಾಳೆ ಮತ್ತು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಒಳಗೆ ಶೂ ಪೆಟ್ಟಿಗೆಗಳಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಒಂದು ಹಿಡಿ. ಎಲ್ಲ ಸೇರಿ ಮುನ್ನೂರು ದಾಟಿರಲಿಕ್ಕಿಲ್ಲ.

ನಡುವೆ ಕಾಫಿಯಲ್ಲಿ ಕೂದಲು ತುಂಬಿಸುವ ಹುಚ್ಚು ಹತ್ತಿತ್ತು. ರೊಬಸ್ಟಾ ಡಿಕಾಕ್ಷನ್ ಕುದಿಸಿ ಗಟ್ಟಿ ಮಾಡಿ, ಒಣಗಿಸುತ್ತಾ ಮೂರ್ನಾಲ್ಕು ಸಲ ಹಚ್ಚಿದರೆ ಒಳ್ಳೇ ಕಂದು ಬರುತ್ತದೆ. ಚಿಕೋರಿ ಬೆರೆಸಿದ ಪುಡಿ ಬೇಡ, ಅಂಟಂಟಾಗಿ ಉಳಿಯುತ್ತದೆ. ಬಾಟಲಿಯಲ್ಲಿಟ್ಟರೆ ವಾರದಲ್ಲೇ ಬೂಸ್ಟು, ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ.

ಇನ್ನೊಂದು ಪ್ರಯೋಗ ಕೊಡವ ಮದುವೆ ಉಡುಪು. ಕುಪ್ಯ (ಉದ್ದ ಕೋಟು), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟದ ಕಿರುಗತ್ತಿ) ಎಲ್ಲ ಸಲೀಸು. ತೊಂದರೆ ಪೇಟದ್ದು. ಅನಿಮೆಯ ಅರ್ಧ ಅಂದ ಕೂದಲಿನದು, ಪೇಟ ಅದನ್ನು ಮುಚ್ಚಿಬಿಡುತ್ತದೆ, ತಲೆ ಚಿಕ್ಕದಾಗಿ ಕಾಣುತ್ತದೆ. ಪೇಟವನ್ನು ನಿಜಕ್ಕಿಂತ ಸ್ವಲ್ಪ ಅಗಲ ಮಾಡಿ, ಕಿವಿ ಹತ್ತಿರ ಎರಡು ಎಳೆ ಕೂದಲು ಬಿಟ್ಟೆ. ಸರಿಹೋಯಿತು. ಹಿರಿಯರು ಒಪ್ಪಲಿಕ್ಕಿಲ್ಲ, ಮದುಮಗ ಒಪ್ಪಿದರೆ ನನಗೆ ಸಾಕು.

ಹೋಮ್‌ಸ್ಟೇ ನಡೆಸುವ ಆಂಟಿಯೊಬ್ಬರು, ಬಂದವರ ಮುಖವನ್ನು ಅನಿಮೆಯಾಗಿ ಬರೆದುಕೊಡಲಿ ಅಂತ ವರಾಂಡದಲ್ಲಿ ಮೇಜು ಹಾಕಿಕೊಟ್ಟಿದ್ದಾರೆ. "ಸುಮ್ನೆ ಯಾರು ದುಡ್ಡು ಕೊಡ್ತಾರೆ?" ಅಂತ ಮೊದಲು ಅವರಿಗೂ ಅನುಮಾನ. ಒಂದು ಮುಖಕ್ಕೆ ಇನ್ನೂರೈವತ್ತು, ಕಾಫಿ ಬಣ್ಣದ್ದಾದರೆ ನಾನೂರು. ಇಪ್ಪತ್ತು ನಿಮಿಷದ ಕೆಲಸ. ಮಾರ್ಕರ್ ದುಡ್ಡು ಒಂದು ದಸರಾ ರಜೆಯಲ್ಲೇ ಹುಟ್ಟಿತು. ಫ್ರೇಮ್ ಕೇಳಿದವರಿಗೆ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ (ಸುತ್ತ ಅಂಚಿಗೆ ಕೂರಿಸುವ ದಪ್ಪ ರಟ್ಟು) ಕೊಟ್ಟೇ ಹಾಕಿಸಿ. ಇಲ್ಲದಿದ್ದರೆ ನಮ್ಮ ಥಂಡಿಗೆ ಹಾಳೆ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣವೂ ಕಿತ್ತುಬರುತ್ತದೆ.