ಪ್ಲ್ಯಾನರ್ ಅಡ್ಡಗೆರೆ ತೋರಿಸಿದ ಪದಗಳಿಗೇ ಫೋನ್ ಬಂತು: ಕುಶಾಲನಗರದ ಡೀಟೇಲಿಂಗ್ ಅಂಗಡಿಯ ಕೀವರ್ಡ್ ಲೆಕ್ಕ

ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಕೀವರ್ಡ್ ಪ್ಲ್ಯಾನರ್‌ನಲ್ಲಿ ‘ಕಾರ್ ಸೀಟ್ ಫಂಗಸ್ ಕ್ಲೀನಿಂಗ್’ ಅಂತ ಹಾಕಿ, ಜಾಗ ಮಡಿಕೇರಿ ಅಂತ ಕೊಟ್ಟರೆ ಬರುವುದು ಒಂದು ಅಡ್ಡಗೆರೆ, ಅಂದರೆ ತೋರಿಸುವಷ್ಟು ಹುಡುಕಾಟವಿಲ್ಲ. ಅದನ್ನು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕೊಡಗಿನಲ್ಲಿ ಗೂಗಲ್ ಹುಡುಕಿಕೊಂಡು ಡೀಟೇಲಿಂಗಿಗೆ (ಗಾಡಿಯ ಒಳಹೊರಗಿನ ಪೂರ್ತಿ ಕ್ಲೀನಿಂಗ್, ಪಾಲಿಶ್, ಕೋಟಿಂಗ್) ಯಾರೂ ಬರಲ್ಲ, ರೀಲ್ಸ್ ಹಾಕ್ಕೊಂಡು ಸುಮ್ಮನಿರಿ. ಆದರೆ ಹೋದ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಮ್ಮ ವೆಬ್‌ಸೈಟಿನಲ್ಲಿ ಆ ಪದಕ್ಕೆ ಮಾಡಿದ ಒಂದೇ ಪುಟದಿಂದ ಹೆಚ್ಚುಕಮ್ಮಿ 70 ಕರೆ ಬಂದವು, 30ಕ್ಕಿಂತ ಸ್ವಲ್ಪ ಜಾಸ್ತಿ ಗಾಡಿ ಶೆಡ್ಡಿಗೆ ಬಂದವು. ಗಾಡಿಗೆ ಮೂರು ಸಾವಿರ ಹಿಡಿದರೂ ವೆಬ್‌ಸೈಟಿಗೆ ಸುರಿದದ್ದೆಲ್ಲ ವಾಪಸ್.

ಸುರಿದದ್ದೂ ಕಮ್ಮಿಯೇನಲ್ಲ. ಮೊದಲ ಪೆಟ್ಟು 12 ಸಾವಿರದ್ದು, 60 ಕೀವರ್ಡಿನ ರೆಡಿಮೇಡ್ ಪಟ್ಟಿಗೆ. ಅದರಲ್ಲಿ ಅರ್ಧಕ್ಕರ್ಧ ‘ಬೆಸ್ಟ್ ಕಾರ್ ಡೀಟೇಲಿಂಗ್ ಸ್ಟುಡಿಯೋ ಇನ್ ಕೂರ್ಗ್’ ಥರದವು, ಉಳಿದವಕ್ಕೆ ‘ನಿಯರ್ ಮಿ’ ಬಾಲ. ‘ನಿಯರ್ ಮಿ’ಯನ್ನು ಪುಟದಲ್ಲಿ ಬರೆಯುವ ಅಗತ್ಯವೇ ಇಲ್ಲ, ಹುಡುಕುವವರು ಎಲ್ಲಿದ್ದಾರೆ ಅಂತ ಗೂಗಲ್ ಅದೇ ನೋಡಿಕೊಳ್ಳುತ್ತೆ. ‘ಕೂರ್ಗ್’ ಇನ್ನೂ ದೊಡ್ಡ ಮೋಸ. ಆ ಪದ ಟೈಪ್ ಮಾಡುವವರಲ್ಲಿ ಬಹಳಷ್ಟು ಜನ ಪ್ರವಾಸಿಗರು, ಅವರಿಗೆ ಬೇಕಾದ ಕಾರು ಬಾಡಿಗೆಯದ್ದು. ಇಲ್ಲಿಯವರು ಹುಡುಕುವಾಗ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಅಂತಲೇ ಹೊಡೆಯುತ್ತಾರೆ, ಇಲ್ಲ ಊರ ಹೆಸರೇ ಹಾಕಲ್ಲ. ಇನ್ನೊಂದು ಎಡವಟ್ಟು, ನಮ್ಮ ಗಿರಾಕಿಗಳಲ್ಲಿ ಒಂದು ಪಾಲು ಬೈಲಕುಪ್ಪೆ, ಪಿರಿಯಾಪಟ್ಟಣದವರು. ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಅವರು ಯಾಕೆ ಕೂರ್ಗ್ ಅಂತ ಹುಡುಕುತ್ತಾರೆ?

ಪಟ್ಟಿ ಬಿಸಾಕಿ, ಒಂದು ವರ್ಷದ ವಾಟ್ಸಾಪ್ ವಿಚಾರಣೆಗಳನ್ನೆಲ್ಲ ಶೀಟಿಗೆ ಇಳಿಸಿದೆ, 300ರ ಆಸುಪಾಸು. ಜನ ಬರೆದದ್ದನ್ನು ಇದ್ದ ಹಾಗೇ, ತಪ್ಪು ಸ್ಪೆಲ್ಲಿಂಗ್ ಸಮೇತ. ಫೋನಿನಲ್ಲಿ ಕೇಳಿದ್ದಕ್ಕೆ ಕೌಂಟರಿನ ಹತ್ತಿರ ಒಂದು ನೋಟ್‌ಬುಕ್. ಇದರಲ್ಲಿ ‘ಡೀಟೇಲಿಂಗ್’ ಅನ್ನುವ ಪದ ಹತ್ತಕ್ಕೆ ಒಂದು ಸಲವೂ ಇಲ್ಲ. ಇದ್ದದ್ದು: ವಾಟರ್ ಸರ್ವೀಸ್, ಒಳಗೆ ಕ್ಲೀನಿಂಗ್, ಸೀಟಿಗೆ ಬೂಷ್ಟು, ಎಸಿ ಹಾಕಿದರೆ ಮುಗ್ಗಲು ವಾಸನೆ, ಅಡಿಗೆ ರಸ್ಟ್ ಕೋಟಿಂಗ್, ಟೆಫ್ಲಾನ್ ಮಾಡ್ತೀರಾ, ಸ್ಕ್ರಾಚ್ ಹೋಗುತ್ತಾ, ಬೋರ್ಡೋ (ತೋಟಕ್ಕೆ ಹೊಡೆಯುವ ಸುಣ್ಣ–ಮೈಲುತುತ್ತದ ದ್ರಾವಣ) ಬಿದ್ದು ಕಲೆಯಾಗಿದೆ. ಸೆರಾಮಿಕ್ (ಟೆಫ್ಲಾನಿನ ಹಾಗೇ ಬಣ್ಣದ ಮೇಲೆ ಹಚ್ಚುವ, ಹೆಚ್ಚು ಬಾಳಿಕೆಯ ಕೋಟಿಂಗ್) ಮಾಡಿಸಲು ಬಂದವರೂ ಮೊದಲು ಕೇಳಿದ್ದು ಟೆಫ್ಲಾನ್ ರೇಟನ್ನೇ. ನಾವು ಬೋರ್ಡಿನಲ್ಲಿ ಬರೆಯುವ ಭಾಷೆ ಬೇರೆ, ಅವರ ಬಾಯಲ್ಲಿ ಬರುವುದೇ ಬೇರೆ.

ಹೀಗೆ ಸಿಕ್ಕ 40 ಪದಗಳನ್ನು ಒಂದೊಂದಾಗಿ ಫೋನಿನಲ್ಲಿ ಇನ್‌ಕಾಗ್ನಿಟೋ ತೆರೆದು ಹೊಡೆಯಬೇಕು. ಕೂತಲ್ಲೇ ಮಾಡಿದರೆ ಪ್ರಯೋಜನವಿಲ್ಲ. ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಒಮ್ಮೆ, ಸಿದ್ದಾಪುರದಲ್ಲಿ ಒಮ್ಮೆ, ಏಕೆಂದರೆ ಮ್ಯಾಪಿನ ಫಲಿತಾಂಶ ಜಾಗದ ಜೊತೆ ಬದಲಾಗುತ್ತೆ. ಮೇಲೆ ಮ್ಯಾಪ್ ಬಂದರೆ ಅದು ಬಿಸಿನೆಸ್ ಪ್ರೊಫೈಲಿನ (ಗೂಗಲ್ ಮ್ಯಾಪಿನಲ್ಲಿ ಕಾಣುವ ಅಂಗಡಿಯ ಖಾತೆ) ಕೆಲಸ, ಅದಕ್ಕೆ ಪುಟ ಬರೆದು ಸಮಯ ಹಾಳು ಮಾಡಬೇಡಿ. ‘ವಾಟರ್ ಸರ್ವೀಸ್’ ಅಂಥದ್ದು. ಯೂಟ್ಯೂಬ್ ಸಾಲಾಗಿ ಬಂದರೆ ಕೇಳುವವರು ಮನೆಯಲ್ಲೇ ಮಾಡಿಕೊಳ್ಳುವವರು. ಬೆಂಗಳೂರಿನ ಅಂಗಡಿಗಳು, ಡೈರೆಕ್ಟರಿ ಸೈಟುಗಳು ಮಾತ್ರ ಬಂದರೆ ಅಲ್ಲಿ ಜಾಗ ಖಾಲಿ ಇದೆ. ಫಂಗಸ್, ಎಸಿ ವಾಸನೆ, ಅಡಿಯ ರಸ್ಟ್ ಮೂರೂ ಖಾಲಿ ಇದ್ದವು. ಪ್ಲ್ಯಾನರ್‌ನಲ್ಲಿ ಜಾಗ ಕರ್ನಾಟಕ ಅಂತ ಇಟ್ಟು ನೋಡಿದೆ. ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ ಅದು 10–100, 100–1 ಸಾವಿರ ಅಂತ ಅಂದಾಜೇ ಕೊಡುವುದು, ಹತ್ತಿರದ ಸ್ಪೆಲ್ಲಿಂಗುಗಳನ್ನೂ ಒಟ್ಟಿಗೆ ಸೇರಿಸುತ್ತೆ. ಯಾವುದು ಯಾವುದಕ್ಕಿಂತ ದೊಡ್ಡದು ಅನ್ನುವುದಷ್ಟೇ ಅದರಿಂದ ತೆಗೆದುಕೊಳ್ಳಬೇಕು.

ಖಾತರಿ ಮಾಡಿಕೊಳ್ಳಲು ಗೂಗಲ್ ಜಾಹೀರಾತು. ದಿನಕ್ಕೆ 200 ರೂಪಾಯಿ, ಒಂದೂವರೆ ತಿಂಗಳು, 18% ಜಿಎಸ್‌ಟಿ ಸೇರಿ ಹತ್ತೂವರೆ ಸಾವಿರದಷ್ಟು. ಮೊದಲ ವಾರದ ದುಡ್ಡು ಪೂರ್ತಿ ನೀರುಪಾಲು, ಕಾರಣ ಎರಡು ಟಿಕ್ ಮಾರ್ಕು. ಲೊಕೇಶನ್ ಆಯ್ಕೆಯಲ್ಲಿ ‘ಆ ಜಾಗದಲ್ಲಿ ಇರುವವರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ತೋರಿದವರು’ ಅನ್ನುವುದು ಮೊದಲೇ ಆರಿಸಿರುತ್ತೆ. ಬೆಂಗಳೂರಿನಲ್ಲಿ ಕೂತು ವೀಕೆಂಡ್ ಟ್ರಿಪ್ ಯೋಚಿಸುವವರೂ ನಮ್ಮ ಲೆಕ್ಕದಲ್ಲೇ ಕ್ಲಿಕ್ ಮಾಡುತ್ತಾರೆ. ‘ಇರುವವರು’ ಮಾತ್ರ ಇಡಿ. ಬೇರೆ ಸೈಟು, ಆ್ಯಪುಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್ ಟಿಕ್ಕನ್ನೂ ತೆಗೆಯಿರಿ. ಆಮೇಲೆ ನೆಗೆಟಿವ್ ಪದಗಳು, ಅಂದರೆ ಹುಡುಕಾಟದಲ್ಲಿ ಇವಿದ್ದರೆ ನಮ್ಮ ಜಾಹೀರಾತು ತೋರಿಸಬೇಡ ಅನ್ನುವುದು: ರೆಂಟಲ್, ಟ್ಯಾಕ್ಸಿ, ಸೆಲ್ಫ್ ಡ್ರೈವ್, ಸೆಕೆಂಡ್ ಹ್ಯಾಂಡ್, ಕೋರ್ಸ್, ಫ್ರಾಂಚೈಸಿ, ಮೆಷಿನ್ ಪ್ರೈಸ್, ಜಾಬ್ಸ್. ‘ಸ್ಟೀಲ್’ ಕೂಡ, ಯಾಕೆಂದರೆ ಕಟ್ಟಡದ ಉಕ್ಕಿನ ನಕ್ಷೆ ಮಾಡುವವರೂ ಅವರ ಕೆಲಸವನ್ನು ಡೀಟೇಲಿಂಗ್ ಅಂತಲೇ ಕರೆಯುತ್ತಾರೆ.

ಎರಡನೇ ಸಮಸ್ಯೆ ಸಣ್ಣ ಊರಿನವರಿಗೆಲ್ಲ ಬರುವಂಥದ್ದು. ‘ಸೀಟ್ ಫಂಗಸ್ ಕ್ಲೀನಿಂಗ್ ಕುಶಾಲನಗರ’ ಅಂತ ಊರು ಸೇರಿಸಿ ಹಾಕಿದ ಕೀವರ್ಡುಗಳೆಲ್ಲ ‘ಲೋ ಸರ್ಚ್ ವಾಲ್ಯೂಮ್’ ಅಂತ ಮಲಗಿಬಿಟ್ಟವು. ಆ ಗುರುತು ಬಿದ್ದರೆ ಜಾಹೀರಾತು ಓಡುವುದೇ ಇಲ್ಲ. ಪದದಿಂದ ಊರು ಕಿತ್ತು, ‘ಸೀಟ್ ಫಂಗಸ್’ ಅಂತ ಫ್ರೇಸ್ ಮ್ಯಾಚ್ (ಆ ಪದದ ಅರ್ಥ ಸೇರಿರುವ ಹುಡುಕಾಟಗಳಿಗೆ ತೋರಿಸುವ ಆಯ್ಕೆ) ಇಟ್ಟು, ಅಂಗಡಿಯ ಸುತ್ತ 30 ಕಿಲೋಮೀಟರ್ ರೇಡಿಯಸ್ ಕೊಟ್ಟ ಮೇಲೆ ಓಡಿತು. ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆ, ಪಿರಿಯಾಪಟ್ಟಣ ಎಲ್ಲ ಅದರೊಳಗೆ. ಇದರಲ್ಲಿ ಬೆಲೆಬಾಳುವುದು ಸರ್ಚ್ ಟರ್ಮ್ಸ್ ವರದಿ. ಜನ ನಿಜವಾಗಿ ಟೈಪ್ ಮಾಡಿದ್ದು ಅಲ್ಲಿ ಸಿಗುತ್ತೆ. ಹತ್ತೂವರೆ ಸಾವಿರವನ್ನು ನಾನು ಜಾಹೀರಾತಿನ ಖರ್ಚಿಗೆ ಬರೆದಿಲ್ಲ, ಆ ವರದಿ ಕೊಂಡ ರೇಟು ಅಂತ ಬರೆದಿದ್ದೇನೆ.

ಈಗ ಆ ಫಂಗಸ್ ಪುಟ. ಟೈಟಲ್: ‘ಕಾರ್ ಸೀಟ್ ಫಂಗಸ್ ಮತ್ತು ವಾಸನೆ ಕ್ಲೀನಿಂಗ್, ಕುಶಾಲನಗರ – ಮಡಿಕೇರಿ’, ಇಂಗ್ಲಿಷ್ ಅಕ್ಷರದಲ್ಲಿ. ಹೆಡ್ಡಿಂಗ್ ಬೇರೆ: ‘ಮಳೆಗಾಲದಲ್ಲಿ ನಿಲ್ಲಿಸಿದ ಕಾರಿಗೆ ಬೂಷ್ಟು ಹಿಡಿದಿದೆಯೇ?’ ಮೊದಲ ಎರಡು ಸಾಲಿನಲ್ಲೇ ರೇಟು, ಹ್ಯಾಚ್‌ಬ್ಯಾಕಿಗೆ ಇಷ್ಟು, ಏಳು ಸೀಟಿನದ್ದಕ್ಕೆ ಇಷ್ಟು, ಒಣಗಲು ಗಾಡಿ ಒಂದು ರಾತ್ರಿ ಇಲ್ಲೇ ಇರಬೇಕು. ಆಮೇಲೆ ಬೂಷ್ಟು ಯಾಕೆ ವಾಪಸ್ ಬರುತ್ತೆ ಅನ್ನುವುದು: ಸೀಟು ಒರೆಸಿ ಕಾರ್ಪೆಟ್ ಅಡಿಯ ಫೋಮ್ ಒದ್ದೆ ಬಿಟ್ಟರೆ ಹತ್ತು ದಿನದಲ್ಲಿ ಅದೇ ಕಥೆ, ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿದ್ದರೆ ನೀರು ಮುಂದಿನ ಸೀಟಿನ ಕಾಲಡಿಗೇ ಬರುತ್ತೆ, ಸನ್‌ರೂಫ್ ಇದ್ದರೆ ಅದರ ಡ್ರೈನೂ ನೋಡಬೇಕು, ಕ್ಯಾಬಿನ್ ಫಿಲ್ಟರ್ ಬದಲಿಸದೆ ಸೆಂಟು ಹೊಡೆದರೆ ಎರಡೂ ಸೇರಿ ಇನ್ನೂ ಕೆಟ್ಟ ವಾಸನೆ. ಈ ವಾಕ್ಯಗಳ ಒಳಗೇ ಬೇರೆ ಹುಡುಕಾಟಗಳು ಕೂತಿವೆ. ‘ಕಾರಿನೊಳಗೆ ನೀರು’, ‘ಎಸಿ ಸ್ಮೆಲ್’ ಅಂತ ಹುಡುಕಿದವರೂ ಈ ಪುಟಕ್ಕೇ ಬಂದರು. ಪುಟ ಏಪ್ರಿಲ್‌ನಲ್ಲಿ ಹಾಕಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಾಕಿದರೆ ಅದು ಮೇಲೆ ಬರುವಷ್ಟರಲ್ಲಿ ಕಾವೇರಿ ಸಂಕ್ರಮಣ ಮುಗಿದಿರುತ್ತೆ.

ಊರಿಗೊಂದು ಪುಟ ಮಾಡುವ ಚಪಲ ನಿಮಗೂ ಬರುತ್ತೆ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ, ನಾಪೋಕ್ಲು ಅಂತ ಏಳು ಪುಟ, ಹೆಸರು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಐದು ‘ಕ್ರಾಲ್ ಆಗಿದೆ, ಇಂಡೆಕ್ಸ್ ಆಗಿಲ್ಲ’ (ಗೂಗಲ್ ನೋಡಿದೆ, ಹುಡುಕಾಟಕ್ಕೆ ಸೇರಿಸಿಲ್ಲ) ಪಟ್ಟಿಯಲ್ಲೇ ಉಳಿದವು, ಎರಡು ಒಂದೇ ಪದಕ್ಕೆ ಹೋಂ ಪೇಜಿನ ಜೊತೆಗೇ ಜಗಳಕ್ಕೆ ಬಿದ್ದವು. ಇಂಥ ಪುಟಗಳು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೇ ವಿರುದ್ಧ. ಎಲ್ಲ ಅಳಿಸಿ 301 (ಹಳೇ ವಿಳಾಸಕ್ಕೆ ಬಂದವರನ್ನು ಬೇರೆ ಪುಟಕ್ಕೆ ಕಳಿಸುವ ಸೂಚನೆ) ಹಾಕಿದ್ದೇನೆ. ಕೆಲಸಕ್ಕೊಂದು ಪುಟ, ಊರುಗಳು ಅದರೊಳಗೆ ಒಂದು ಸಾಲು, ಪಿಕಪ್ ಚಾರ್ಜಿನ ಸಮೇತ.

ಅಡ್ಡದಾರಿಯ ಪ್ರಯೋಗಗಳೂ ಇವೆ. ಬಿಸಿನೆಸ್ ಪ್ರೊಫೈಲಿನ ಮುಖ್ಯ ಕೆಟಗರಿಯನ್ನು ಒಂದು ತಿಂಗಳು ‘ಕಾರ್ ವಾಶ್’ ಮಾಡಿ ನೋಡಿದೆ. ಕರೆ ಒಂದೂವರೆ ಪಟ್ಟು, ಎಲ್ಲವೂ 400 ರೂಪಾಯಿ ವಾಶಿಗೆ. ಹುಡುಗರು ಸುಸ್ತು, ಗಲ್ಲಾ ಖಾಲಿ. ವಾಪಸ್ ‘ಕಾರ್ ಡೀಟೇಲಿಂಗ್ ಸರ್ವೀಸ್’ ಮಾಡಿ, ವಾಶನ್ನು ಎರಡನೇ ಕೆಟಗರಿಗೆ ತಳ್ಳಿದೆ. ‘ಮರ್ಕೇರಾ’ ಅನ್ನುವ ಮಡಿಕೇರಿಯ ಹಳೇ ಹೆಸರು ಪೂರ್ತಿ ದಂಡ. ಬೋರ್ಡೋ ಕಲೆಯ ಪುಟಕ್ಕೆ ತಿಂಗಳಿಗೆ ಏಳೆಂಟು ಕ್ಲಿಕ್ ದಾಟಲ್ಲ, ಆದರೆ ತೋಟದವರು ಒಂದು ಥಾರ್ ಜೊತೆ ಮನೆಯ ಎರಡು ಕಾರನ್ನೂ ಕಳಿಸುತ್ತಾರೆ, ಪಾಲಿಶ್ ಕೆಲಸ ಅಲ್ಲೇ ಹುಟ್ಟುತ್ತೆ. ಕನ್ನಡ ಅಕ್ಷರದ ಪುಟಕ್ಕೂ ಕ್ಲಿಕ್ ಕಮ್ಮಿ. ಬರುವ ಸಾಲುಗಳು ‘ಕಾರಿನ ಸೀಟಿನ ವಾಸನೆ ಹೋಗಲು ಏನು ಮಾಡಬೇಕು’ ಅಂತ ಉದ್ದುದ್ದ ಇರುತ್ತವೆ, ಫೋನಿಗೆ ಮಾತಾಡಿ ಹುಡುಕಿದ್ದು ಅಂತ ನನ್ನ ಊಹೆ. ಆ ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ. ಕನ್ನಡದಲ್ಲಿಟ್ಟರೆ ಕಾಪಿ ಮಾಡಿ ಕಳಿಸುವಾಗ ಶೇಕಡಾ ಚಿಹ್ನೆಗಳ ಬಾಲ ಬೆಳೆಯುತ್ತೆ.

ಈಗ ಮಾಡುವುದು ತಿಂಗಳಿಗೆ ಒಂದು ಗಂಟೆಯ ಕೆಲಸ. ಸರ್ಚ್ ಕನ್ಸೋಲ್‌ನಲ್ಲಿ (ಯಾವ ಹುಡುಕಾಟಕ್ಕೆ ನಮ್ಮ ಸೈಟು ಎಷ್ಟನೇ ಸ್ಥಾನದಲ್ಲಿ ಬಂತು ಅಂತ ತೋರಿಸುವ ಗೂಗಲ್ ಉಪಕರಣ) ಮೂರು ತಿಂಗಳ ಕ್ವೆರಿ, ಅಂದರೆ ಜನ ಹುಡುಕಿದ ಪದಗಳನ್ನು ತೆಗೆದು, 8ರಿಂದ 20ನೇ ಸ್ಥಾನದೊಳಗಿನವನ್ನು ಬೇರೆ ಮಾಡಿ, ಪುಟದಲ್ಲಿಲ್ಲದ ಪದಕ್ಕೆ ಒಂದು ಪ್ಯಾರಾ ಸೇರಿಸುವುದು. ಅಲ್ಲಿ ದೇಶದ ಫಿಲ್ಟರ್ ಇದೆ, ಊರಿನದ್ದಿಲ್ಲ. ಹಾಗಾಗಿ ಊರ ಹೆಸರಿನ ಎಲ್ಲ ಸ್ಪೆಲ್ಲಿಂಗುಗಳನ್ನೂ ಸೇರಿಸಿದ ಒಂದು ರೆಜೆಕ್ಸ್ (ಹಲವು ಸ್ಪೆಲ್ಲಿಂಗುಗಳನ್ನು ಒಟ್ಟಿಗೆ ಹುಡುಕುವ ಸೂತ್ರ) ಬರೆದಿಟ್ಟುಕೊಂಡಿದ್ದೇನೆ. ವಿರಾಜಪೇಟೆಗೇ ನಾಲ್ಕು ಥರ ಬರೆಯುತ್ತಾರೆ. ಹಾಗೆ ಸಿಕ್ಕ ಎರಡು ಪದ ಚಳಿಗಾಲದ್ದು, ಕಾಫಿ ಕೊಯ್ಲಿಗೆ ಸಂಬಂಧಿಸಿದ್ದು. ಅವನ್ನು ಇಲ್ಲಿ ಬರೆಯಲ್ಲ, ಇನ್ನೊಂದು ಸೀಸನ್ ನನಗೇ ಇರಲಿ.

ಪಿಪಿಎಫ್ (ಬಣ್ಣ ಕಾಪಾಡಲು ಗಾಡಿಗೆ ಅಂಟಿಸುವ ಪಾರದರ್ಶಕ ಫಿಲ್ಮ್) ಪುಟ ಇನ್ನೂ ಗೂಗಲ್‌ನ ಎರಡನೇ ಪುಟದಲ್ಲೇ ಒದ್ದಾಡುತ್ತಿದೆ. ಮೇಲಿರುವವರೆಲ್ಲ ಮೈಸೂರು, ಮಂಗಳೂರಿನವರು. ಅಷ್ಟು ದೊಡ್ಡ ಮೊತ್ತದ ಕೆಲಸಕ್ಕೆ ಗಿರಾಕಿ ಘಾಟಿ ಇಳಿದು ಹೋಗಲೂ ತಯಾರು. ಅದಕ್ಕೆ ಸದ್ಯ ಒಂದು ರೂಪಾಯಿಯನ್ನೂ ಹಾಕುತ್ತಿಲ್ಲ.